ಆಸ್ಪತ್ರೆಯ ಬಾಗಿಲು ಗುಜರಿಗೆ ಹೋಗದಿರಲಿ

ಹಲಸೂರು ಗೇಟ್‌ನಲ್ಲಿ ಗೇಟಿಲ್ಲ. ಮಾಗಡಿ ರಸ್ತೆಯ ಟೋಲ್ ಗೇಟ್‌ನಲ್ಲಿ ಟೋಲೂ ಇಲ್ಲ, ಗೇಟೂ ಇಲ್ಲ. ಬೆಂಗಳೂರು ಪೇಟೆಗೆ ಒಂದು ಕಾಲದಲ್ಲಿ ಕೆಂಗೇರಿ ಬಾಗಿಲು ಅಂತಲೇ ಒಂದಿತ್ತು. ಅದೂ ಈಗ ಪೊಲೀಸರ ಲೆಕ್ಕದಲ್ಲಿ ಹೆಸರಾಗಿ ಉಳಿದಿದೆಯೇ ಹೊರತು ಕಣ್ಣಿಗೆ ಕಾಣುವುದಿಲ್ಲ. ಬಸ್ ಕಂಡಕ್ಟರು "ಯಾರ್ರೀ ಟೋಲ್ ಗೇಟ್?" ಎಂದು ಕೂಗಿದರೆ ನಾಲ್ಕು ಜನ ಇಳಿಯುತ್ತಾರೆ. ಇಳಿದವರಲ್ಲಿ ಒಬ್ಬರಾದರೂ ತಲೆ ಎತ್ತಿ ಗೇಟು ಎಲ್ಲಿ ಎಂದು ಹುಡುಕುವುದಿಲ್ಲ.

ಊರು ಬೆಳೆದಂತೆ ಬಾಗಿಲುಗಳು ಹೋಗುತ್ತವೆ, ಹೆಸರು ಉಳಿಯುತ್ತದೆ. ಇದು ಬೆಂಗಳೂರಿನ ಹಳೇ ಚಾಳಿ. ಕೋಟೆಯ ಬಾಗಿಲು ಹೋಯಿತು, ಸುಂಕದ ಬಾಗಿಲು ಹೋಯಿತು. ಅವಕ್ಕೆ ಕೆಲಸ ಮುಗಿದಿತ್ತು, ಹೋದವು ಅನ್ನೋಣ. ಆದರೆ ಕೆಲಸ ಮುಗಿಯದ ಬಾಗಿಲೂ ಒಂದಿದೆ. ಹಗಲೂ ರಾತ್ರಿ ತೆರೆದೇ ಇರಬೇಕಾದ ಬಾಗಿಲು ಅದು. ಅದು ಆಸ್ಪತ್ರೆಯ ಬಾಗಿಲು.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯಿಂದ ಮಾರ್ಕೆಟ್ ಬಸ್ ಹತ್ತುವ ಜನಕ್ಕೆ ಆ ಬಾಗಿಲು ಹೊಸದಲ್ಲ. ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದು ಕೋಟೆಯ ಕಡೆ ತಿರುಗಿದರೆ ವಿಕ್ಟೋರಿಯಾ ಆಸ್ಪತ್ರೆ. ಅದರ ಆವರಣಕ್ಕೆ ಸೇರಿದಂತೆ ವಾಣಿವಿಲಾಸ, ಮಿಂಟೋ, ಮೆಡಿಕಲ್ ಕಾಲೇಜು. ಹೂವು ಕೊಳ್ಳಲು ಹೋದವರು, ಅಂಗಡಿಗೆ ಸರಕು ತರಲು ಹೋದವರು ಎಲ್ಲರೂ ಆ ಕಾಂಪೌಂಡಿನ ಮಗ್ಗುಲಲ್ಲೇ ಹಾದು ಬಂದವರು. ಹಾದು ಬಂದದ್ದುಂಟು, ನಿಂತು ನೋಡಿದ್ದು ಕಡಿಮೆ.

"ಗೇಟ್ ಹತ್ರ ಬಾ"

ದೊಡ್ಡಾಸ್ಪತ್ರೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಆಡುವ ಮಾತು ಯಾವುದು? ಡಾಕ್ಟರರ ಮಾತಲ್ಲ, ನರ್ಸಮ್ಮನ ಮಾತೂ ಅಲ್ಲ. "ಗೇಟ್ ಹತ್ರ ಬಾ" ಅನ್ನುವ ಮಾತು.

ಊರಿಂದ ಬಂದ ತಮ್ಮನಿಗೆ ವಾರ್ಡು ಗೊತ್ತಿಲ್ಲ, ಗೇಟು ಗೊತ್ತು. ಊಟದ ಕ್ಯಾರಿಯರ್ ತಂದ ಅತ್ತಿಗೆಗೆ ಒಳಗೆ ಬಿಡುವ ಹೊತ್ತಲ್ಲ, ಗೇಟಿನಲ್ಲಿ ಕಾಯುತ್ತಾಳೆ. ರಕ್ತ ಕೊಡಲು ಬಂದ ಹುಡುಗರು, ದುಡ್ಡು ಹೊಂದಿಸಿಕೊಂಡು ಬಂದ ಭಾವಮೈದುನ, ಔಷಧದ ಚೀಟಿ ಹಿಡಿದು ಎದುರಿನ ಅಂಗಡಿಗೆ ಓಡುವವನು, ಎಲ್ಲರಿಗೂ ಗುರುತು ಒಂದೇ. ಹೆರಿಗೆಯಾಯಿತು ಅನ್ನುವ ಸುದ್ದಿ ಗೇಟಿಗೆ ಬರುತ್ತದೆ. ಹೋದರು ಅನ್ನುವ ಸುದ್ದಿಯೂ ಅಲ್ಲಿಗೇ ಬರುತ್ತದೆ. ಒಂದೇ ಕಂಬಕ್ಕೆ ಒರಗಿ ಒಬ್ಬ ನಗುತ್ತಿರುತ್ತಾನೆ, ಅದೇ ಕಂಬದ ಇನ್ನೊಂದು ಮಗ್ಗುಲಲ್ಲಿ ಒಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿರುತ್ತಾಳೆ.

ಗೇಟಿನಾಚೆ ಒಂದು ಸಣ್ಣ ಊರೇ ಉಂಟು. ಎಳನೀರು, ಬ್ರೆಡ್ಡು, ಮೋಸಂಬಿ, ಬಿಸಿನೀರಿಗೆ ಫ್ಲಾಸ್ಕು, ಚಾಪೆ, ಪ್ಲಾಸ್ಟಿಕ್ ಬಕೆಟ್ಟು. ರೋಗಿ ಗುಣವಾಗುವುದಕ್ಕೆ ಏನೇನು ಬೇಕೋ ಅದರಲ್ಲಿ ಅರ್ಧ ಒಳಗೆ ಸಿಕ್ಕರೆ ಉಳಿದರ್ಧ ಸಿಗುವುದು ಗೇಟಿನ ಹೊರಗೆ. ಈ ವ್ಯಾಪಾರಿಗಳಿಗೆ ಆಸ್ಪತ್ರೆಯ ಬಾಗಿಲು ಅನ್ನದ ಬಾಗಿಲು.

ಇಷ್ಟು ಜನರ ಬದುಕು ಒರಗಿ ನಿಂತಿರುವ ಜಾಗ ಇದು. ಆದರೂ ಆಸ್ಪತ್ರೆಯ ಚರಿತ್ರೆ ಬರೆಯುವವರು ಮುಖ್ಯ ಕಟ್ಟಡದ ಮೆಟ್ಟಿಲಿನಿಂದ ಶುರುಮಾಡುತ್ತಾರೆ. ಗೇಟಿನಿಂದ ಶುರುಮಾಡುವವರಿಲ್ಲ.

ಕಲ್ಲು ಇಟ್ಟದ್ದು 1897, ಬಾಗಿಲು ತೆರೆದದ್ದು 1900

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು 60 ವರ್ಷ ತುಂಬಿದ ಸಂದರ್ಭ. 1897ರ ಜೂನ್ 22ರಂದು ಈ ಆಸ್ಪತ್ರೆಗೆ ಅಡಿಗಲ್ಲು ಬಿತ್ತು. ಕಲ್ಲು ಇಟ್ಟವರು ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ಅವರ ಪತಿ ಚಾಮರಾಜ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಡಿಫ್ತೀರಿಯಾ ಅಂದರೆ ಗಂಟಲಮಾರಿಗೆ ತುತ್ತಾಗಿ ತೀರಿಕೊಂಡಿದ್ದರು. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ. ರೋಗ ಅನ್ನುವುದು ಅರಮನೆಯ ಬಾಗಿಲನ್ನೂ ಕೇಳಿ ಬರುವುದಿಲ್ಲ ಎಂದು ತಿಳಿದಿದ್ದ ತಾಯಿ ಇಟ್ಟ ಕಲ್ಲು ಅದು.

ಗೋಡೆ ಏಳುತ್ತಿರುವಾಗಲೇ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಉದುರಿದರು. ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕೂತರು. ಗಾಳಿ ಬೆಳಕು ಇರುವ ಬಡಾವಣೆ ಬೇಕು ಅನ್ನುವ ಮಾತಿಗೆ ಆಗ ಬಲ ಬಂತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಭಯದ ನೆರಳಿನಲ್ಲೇ.

1900ರ ಡಿಸೆಂಬರ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಆಸ್ಪತ್ರೆಯನ್ನು ಉದ್ಘಾಟಿಸಿದರು. ಪ್ಲೇಗು ಕಂಡು ನಡುಗಿದ್ದ ಊರಿಗೆ ಒಂದು ದೊಡ್ಡಾಸ್ಪತ್ರೆ ಸಿಕ್ಕಿತು. 1913ರಲ್ಲಿ ಪಕ್ಕದಲ್ಲಿ ಮಿಂಟೋ ಕಣ್ಣಾಸ್ಪತ್ರೆಯ ಈಗಿನ ಕಟ್ಟಡ ತೆರೆಯಿತು. 1924ರಲ್ಲಿ ಮೈಸೂರು ಮೆಡಿಕಲ್ ಕಾಲೇಜು ಶುರುವಾದದ್ದು ಮೈಸೂರಿನಲ್ಲಲ್ಲ, ಬೆಂಗಳೂರಿನಲ್ಲಿ. ಅದು ಮೈಸೂರಿಗೆ ಹೋದದ್ದು 1930ರಲ್ಲಿ. 1935ರಲ್ಲಿ ಹೆರಿಗೆಗೂ ಮಕ್ಕಳಿಗೂ ವಾಣಿವಿಲಾಸ ಆಸ್ಪತ್ರೆ ಬಂತು. ಅಡಿಗಲ್ಲು ಇಟ್ಟ ಮಹಾರಾಣಿ ಅದರ ಹಿಂದಿನ ವರ್ಷ ತೀರಿಕೊಂಡಿದ್ದರು, ಅವರ ಹೆಸರು ಆಸ್ಪತ್ರೆಯಲ್ಲಿ ಉಳಿಯಿತು. 1955ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜು ಹುಟ್ಟಿತು.

ಹೀಗೆ ಒಂದು ಆಸ್ಪತ್ರೆಯ ಜಾಗ ನಾಲ್ಕಾರು ಸಂಸ್ಥೆಗಳ ಆವರಣವಾಯಿತು. ಸಂಸ್ಥೆ ಹೆಚ್ಚಿದಷ್ಟು ಬಾಗಿಲು ಹೆಚ್ಚುತ್ತದೆ. ಬಾಗಿಲು ಹೆಚ್ಚಿದಷ್ಟು ಯಾವುದು ಹಳೆಯದು, ಯಾವುದು ಹೊಸದು ಎಂಬ ಜ್ಞಾಪಕ ಕಡಿಮೆಯಾಗುತ್ತದೆ.

ಕೂಗಳತೆಯಲ್ಲಿ ಇನ್ನೊಂದು ಬಾಗಿಲಿದೆ, ಬೆಂಗಳೂರು ಕೋಟೆಯ ದೆಹಲಿ ಬಾಗಿಲು. ಕೋಟೆಯ ಬಹುಪಾಲು ಮಾಯವಾದರೂ ಆ ಬಾಗಿಲು ನಿಂತಿದೆ. ಏಕೆಂದರೆ ಅದು ಕೇಂದ್ರ ಪುರಾತತ್ವ ಇಲಾಖೆಯ ಪಟ್ಟಿಯಲ್ಲಿ ಸೇರಿದೆ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೈನ್ಯ ಆ ಕೋಟೆಯನ್ನು ಹಿಡಿಯಿತು. ಸೈನ್ಯ ಬಂದ ಬಾಗಿಲಿಗೆ ಚರಿತ್ರೆ ಉಂಟು, ಬೋರ್ಡು ಉಂಟು, ಕಾವಲು ಉಂಟು. ಸರಿ, ಇರಲಿ. ನೂರು ವರ್ಷಕ್ಕೂ ಮಿಕ್ಕಿ ರೋಗಿಗಳು ಬಂದ ಬಾಗಿಲಿಗೂ ಅಷ್ಟೇ ಮರ್ಯಾದೆ ಬೇಡವೇ?

ಬಾಗಿಲು ಅಂದರೆ ಮೂರು ಅಂಗ

ಆ ಕಾಲದ ದೊಡ್ಡ ಆಸ್ಪತ್ರೆ, ಕಚೇರಿ, ಬಂಗಲೆ ಯಾವುದೇ ಆಗಲಿ, ಬಾಗಿಲು ಅಂದರೆ ಎರಡು ಕಬ್ಬಿಣದ ರೆಕ್ಕೆ ಮಾತ್ರ ಅಲ್ಲ. ಅದಕ್ಕೆ ಮೂರು ಅಂಗ.

ಮೊದಲನೆಯದು ಕಂಬ ಮತ್ತು ಗೇಟು. ಕಂಬ ಕಲ್ಲಿನದೋ ಗಾರೆಯದೋ ಇರುತ್ತದೆ. ನೋಡುವುದಕ್ಕೆ ಅಲಂಕಾರ, ನಿಜವಾಗಿ ಅದು ಭಾರ ಹೊರುವ ಆಳು. ಒಂದೊಂದು ರೆಕ್ಕೆಯ ತೂಕವೂ ಕಂಬವನ್ನು ಒಳಕ್ಕೆ ಎಳೆಯುತ್ತಿರುತ್ತದೆ. ಅದಕ್ಕೇ ಕಂಬ ಅಷ್ಟು ದಪ್ಪ, ಬುಡ ಅಷ್ಟು ಆಳ. ನಡುವೆ ಗಾಡಿ ಹೋಗುವ ದೊಡ್ಡ ಬಾಗಿಲು, ಪಕ್ಕದಲ್ಲಿ ನಡೆದು ಹೋಗುವವರಿಗೆ ಸಣ್ಣ ಬಾಗಿಲು, ಇದು ರೂಢಿ.

ಎರಡನೆಯದು ಗೇಟಿನ ಮನೆ, ಇಂಗ್ಲಿಷಿನವರು ಲಾಡ್ಜ್ ಅನ್ನುತ್ತಿದ್ದದ್ದು. ಈಗಿನವರಿಗೆ ಲಾಡ್ಜ್ ಅಂದರೆ ಮೆಜೆಸ್ಟಿಕ್ಕಿನ ರೂಮು ನೆನಪಾಗುತ್ತದೆ. ಆದರೆ ಆಗಿನ ಅರ್ಥ ಬೇರೆ. ಗೇಟು ಕಾಯುವವನು ಸಂಸಾರ ಸಮೇತ ಇರುವ ಪುಟ್ಟ ಮನೆ ಅದು. ಸರಿರಾತ್ರಿ ಜಟಕಾದಲ್ಲಿ ಹೆರಿಗೆ ನೋವಿನ ಹೆಂಗಸು ಬಂದರೆ ಎದ್ದು ಬಾಗಿಲು ತೆಗೆಯಬೇಕಾದವನು ಅವನು. ಅದಕ್ಕೇ ಮನೆ ಅಲ್ಲೇ. ಈಗ ಆ ಕೆಲಸಕ್ಕೆ ಪಾಳಿಯ ಮೇಲೆ ಬರುವ ಸೆಕ್ಯುರಿಟಿಯವರಿದ್ದಾರೆ, ಅವರಿಗೆ ಶೀಟಿನ ಗೂಡಿದೆ, ಬಿಸಿಲಿಗೆ ಕಾದು ಮಳೆಗೆ ಸೋರುತ್ತದೆ. ಹಳೇ ಗೇಟಿನ ಮನೆ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಅದು ಹಳೇ ಕಡತ ತುಂಬುವ ಉಗ್ರಾಣವೋ ಮುರಿದ ಮಂಚ ಒಟ್ಟುವ ಕೋಣೆಯೋ ಆಗಿರುವುದೇ ಹೆಚ್ಚು.

ಮೂರನೆಯದು ಸಲಾಕೆ ಬೇಲಿ. ಮೊಳಕಾಲೆತ್ತರದ ಕಲ್ಲುಕಟ್ಟೆ, ಅದರ ಮೇಲೆ ಸಾಲಾಗಿ ಕಬ್ಬಿಣದ ಸಲಾಕೆ, ತುದಿಗೆ ಭರ್ಜಿಯ ಮೊನೆ.

ಗೋಡೆ ಕಟ್ಟಬಹುದಿತ್ತಲ್ಲ, ಸಲಾಕೆ ಏಕೆ? ಇದಕ್ಕೆ ಆ ಕಾಲದ ವೈದ್ಯ ವಿಚಾರದಲ್ಲಿ ಒಂದು ಉತ್ತರವಿದೆ. ರೋಗ ಹರಡುವುದು ಕೆಟ್ಟ ಗಾಳಿಯಿಂದ ಎಂದು 19ನೇ ಶತಮಾನದ ಬಹುಪಾಲು ಕಾಲ ನಂಬಿದ್ದರು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಆಸ್ಪತ್ರೆಗಳ ಬಗ್ಗೆ ಪುಸ್ತಕ ಬರೆದು, ವಾರ್ಡುಗಳು ಬಿಡಿಬಿಡಿಯಾಗಿರಲಿ, ಎರಡೂ ಕಡೆ ಕಿಟಕಿ ಇರಲಿ, ಗಾಳಿ ಆಡಲಿ ಎಂದು ವಾದಿಸಿದರು. ರೋಗಾಣುವಿನ ವಿಷಯ ಆಮೇಲೆ ಗೊತ್ತಾಯಿತು. ಕಾರಣ ತಪ್ಪಾದರೂ ಗಾಳಿ ಬೆಳಕಿನ ಸಲಹೆ ಸುಳ್ಳಾಗಲಿಲ್ಲ, ಕ್ಷಯದಂಥ ಗಾಳಿಯಲ್ಲಿ ಹರಡುವ ರೋಗಕ್ಕೆ ಇಂದಿಗೂ ಅದೇ ಮಾತು. ಗಾಳಿಯನ್ನು ತಡೆಯದ ಸಲಾಕೆ ಬೇಲಿ ಆ ವಿಚಾರಕ್ಕೆ ಹೇಳಿ ಮಾಡಿಸಿದಂತಿತ್ತು.

ಇನ್ನೊಂದು ಗುಣ ಅದಕ್ಕಿಂತ ದೊಡ್ಡದು. ಸಲಾಕೆಯ ಸಂದಿನಿಂದ ಒಳಗಿನದು ಹೊರಗೆ ಕಾಣುತ್ತದೆ, ಹೊರಗಿನದು ಒಳಗೆ ಕಾಣುತ್ತದೆ. ಜಗಲಿಯ ಮೇಲೆ ಕೂತ ರೋಗಿ ಬೀದಿ ನೋಡಬಹುದು. ಬೀದಿಯವನು ಆಸ್ಪತ್ರೆ ನೋಡಬಹುದು. ಸಾರ್ವಜನಿಕ ಆಸ್ಪತ್ರೆ ಸಾರ್ವಜನಿಕರ ಕಣ್ಣಿಗೆ ಬೀಳುವಂತಿತ್ತು. ಹತ್ತಡಿ ಗೋಡೆ ಎಬ್ಬಿಸಿ, ಅದರ ಮೇಲೆ ಗಾಜಿನ ಚೂರು ನೆಟ್ಟರೆ ಕಳ್ಳ ಒಳಗೆ ಬರಲಾರ, ನಿಜ. ಜನರ ಕಣ್ಣೂ ಒಳಗೆ ಹೋಗಲಾರದು.

ಕಬ್ಬಿಣ ಓದುವುದು ಹೇಗೆ?

ಕಾಮಾಕ್ಷಿಪಾಳ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟು, ಪೀಣ್ಯದ ಕಡೆ ಹುಟ್ಟಿ ಬೆಳೆದವರಿಗೆ ಕಬ್ಬಿಣದ ಪಾಠ ಹೇಳುವುದು ಎಂದರೆ ಮೀನಿಗೆ ಈಜು ಕಲಿಸಿದಂತೆ. ಆದರೂ ಹಳೇ ಕಬ್ಬಿಣದ ಜಾತಿ ಬೇರೆ.

ಈಗಿನ ಗ್ರಿಲ್ ಶಾಪಿನಲ್ಲಿ ಸಿಗುವುದು ಎಂ.ಎಸ್., ಅಂದರೆ ಮೈಲ್ಡ್ ಸ್ಟೀಲ್. ಕತ್ತರಿಸಿ, ಹಿಡಿದು, ವೆಲ್ಡಿಂಗ್ ಹಚ್ಚಿದರೆ ಮುಗಿಯಿತು. 19ನೇ ಶತಮಾನದ ಗೇಟಿನಲ್ಲಿ ಸಾಮಾನ್ಯವಾಗಿ ಇದ್ದದ್ದು ಎರಡು ಬಗೆ. ಒಂದು ಬಡಿದ ಕಬ್ಬಿಣ, ಕುಲುಮೆಯಲ್ಲಿ ಕಾಯಿಸಿ ಸುತ್ತಿಗೆಯಲ್ಲಿ ಬಡಿದು ರೂಪ ಕೊಟ್ಟದ್ದು. ಅದು ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಇನ್ನೊಂದು ಎರಕದ ಕಬ್ಬಿಣ, ಕರಗಿಸಿ ಅಚ್ಚಿಗೆ ಹೊಯ್ದದ್ದು. ಹೂವು, ಎಲೆ, ಭರ್ಜಿಮೊನೆ ಒಂದರಂತೆ ನೂರು ಬೇಕಾದರೆ ಎರಕವೇ ಸರಿ. ಆದರೆ ಅದು ಗಡುಸು, ಪೆಟ್ಟು ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ.

ಕಬ್ಬಿಣ ನಮ್ಮ ಸೀಮೆಗೆ ಹೊಸದೇನಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ಎಂಬ ವೈದ್ಯ ಮಾಗಡಿಯ ಆಸುಪಾಸಿನಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ದೊಡ್ಡ ಪ್ರಮಾಣದ ಕಾರ್ಖಾನೆ ಬರಲು ಮಾತ್ರ ಕಾಯಬೇಕಾಯಿತು. ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದ್ದು 1923ರಲ್ಲಿ. ವಿಕ್ಟೋರಿಯಾ ಆಸ್ಪತ್ರೆ ತೆರೆದಾಗ ಭದ್ರಾವತಿಯ ಕುಲುಮೆ ಇನ್ನೂ 23 ವರ್ಷ ದೂರ.

ಹಳೇ ಗೇಟು ಯಾವುದು, ಹೊಸದು ಯಾವುದು ಎಂದು ಪತ್ತೆ ಮಾಡಲು ಪಂಡಿತರು ಬೇಕಿಲ್ಲ. ಮುಂದಿನ ಸಲ ಯಾವುದೇ ಹಳೇ ಆಸ್ಪತ್ರೆಯ ಹತ್ತಿರ ಬಸ್ಸಿಗೆ ಕಾಯುವಾಗ ಐದು ನಿಮಿಷ ಹೀಗೆ ನೋಡಿ.

ಕೂಡಿಸಿದ ಜಾಗ ನೋಡಿ. ಉಬ್ಬಿದ ವೆಲ್ಡಿಂಗ್ ಗಂಟು ಕಂಡರೆ ಹೊಸದು ಅಥವಾ ರಿಪೇರಿ ಆದದ್ದು. ಅಡ್ಡಪಟ್ಟಿಗೆ ತೂತು ಕೊರೆದು ಸಲಾಕೆ ತೂರಿಸಿದ್ದರೆ, ರಿವೆಟ್ ತಲೆ ಕಂಡರೆ, ಸುತ್ತುಪಟ್ಟಿ ಬಿಗಿದಿದ್ದರೆ ಹಳೆಯದಿರುವ ಸಂಭವ ಜಾಸ್ತಿ. ಸಲಾಕೆಯ ಬುಡ ನೋಡಿ. ಹಿಂದೆ ಕಲ್ಲಿಗೆ ಕುಳಿ ತೆಗೆದು, ಸಲಾಕೆ ನಿಲ್ಲಿಸಿ, ಸಂದಿಗೆ ಕರಗಿದ ಸೀಸ ಹೊಯ್ಯುತ್ತಿದ್ದರು. ಬೂದುಬಣ್ಣದ ಮೆತ್ತನೆ ಲೋಹ ಬುಡದಲ್ಲಿ ಕಂಡರೆ ಅದೇ. ಬಣ್ಣ ಎದ್ದ ಕಡೆ ನೋಡಿ. ಒಂದರ ಮೇಲೊಂದು ಹಸಿರು, ಕಪ್ಪು, ಬೆಳ್ಳಿ, ಕೆಂಪು ಪದರ ಕಂಡರೆ, ಎಷ್ಟು ಪದರವೋ ಅಷ್ಟು ಸರ್ಕಾರಗಳನ್ನು ಆ ಗೇಟು ನೋಡಿದೆ ಎಂದು ತಿಳಿಯಬಹುದು.

ಗೇಟು ಸಾಯುವುದು ಹೇಗೆ?

ಗೇಟನ್ನು ಯಾರೂ ಒಂದೇ ದಿನ ಕೊಲ್ಲುವುದಿಲ್ಲ. ಅದು ಕಂತಿನಲ್ಲಿ ಸಾಯುತ್ತದೆ.

ಮೊದಲ ಶತ್ರು ಡಾಂಬರು. ಹಳೆಯದನ್ನು ಕೆರೆಯದೆ ಅದರ ಮೇಲೇ ಹೊಸ ಡಾಂಬರು ಹಾಕಿದರೆ ಪ್ರತಿ ಸಲವೂ ರಸ್ತೆ ಇಂಚಿಂಚು ಏರುತ್ತದೆ. ಗೇಟು ಏರುವುದಿಲ್ಲ. ಕೊನೆಗೊಂದು ದಿನ ರೆಕ್ಕೆಯ ಅಡಿ ನೆಲಕ್ಕೆ ತಾಗಿ ಸಿಕ್ಕಿಕೊಳ್ಳುತ್ತದೆ. ಆಗ ಎರಡೇ ದಾರಿ. ರಸ್ತೆ ಕೆರೆಯಬೇಕು, ಇಲ್ಲವೇ ಗೇಟಿನ ಕಾಲು ಕತ್ತರಿಸಬೇಕು. ರಸ್ತೆ ಪಾಲಿಕೆಯದು, ಗೇಟು ಆಸ್ಪತ್ರೆಯದು. ಎರಡು ಇಲಾಖೆ ಮಾತಾಡುವುದಕ್ಕಿಂತ ಗ್ಯಾಸ್ ಕಟರ್ ತರುವುದು ಸುಲಭ.

ಎರಡನೇ ಶತ್ರು ನೀರು. ಕಲ್ಲಿನ ಕುಳಿಯೊಳಗೆ ಸಲಾಕೆ ತುಕ್ಕು ಹಿಡಿದರೆ ಉಬ್ಬುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತದೆ. ಒಳಗಿಂದ ಒತ್ತಿ ಒತ್ತಿ ಗಟ್ಟಿ ಕಲ್ಲನ್ನೇ ಸೀಳುತ್ತದೆ. ಹೊರಗಿನಿಂದ ನೋಡಿದವರು ಕಲ್ಲು ಕಳಪೆ ಅನ್ನುತ್ತಾರೆ. ಕಲ್ಲಿನ ತಪ್ಪಲ್ಲ, ಕಾಲಕಾಲಕ್ಕೆ ಬಳಿಯದ ಬಣ್ಣದ ತಪ್ಪು.

ಮೂರನೆಯದು ಲಾರಿ ಮತ್ತು ದೊಡ್ಡ ವ್ಯಾನು. ಜಟಕಾಗೆ ಅಳತೆ ಮಾಡಿದ ಬಾಗಿಲಲ್ಲಿ ಆಕ್ಸಿಜನ್ ಟ್ಯಾಂಕರ್ ನುಗ್ಗಿಸಿದರೆ ಕಂಬ ಎಷ್ಟು ದಿನ ತಡೆದೀತು? ಒಂದು ಸಲ ತಗುಲಿದ ಕಂಬ ವಾಲುತ್ತದೆ, ವಾಲಿದ ಕಂಬದ ಗೇಟು ಮುಚ್ಚುವುದಿಲ್ಲ, ಮುಚ್ಚದ ಗೇಟು ಯಾರಿಗೂ ಬೇಡ.

ನಾಲ್ಕನೆಯದು ಉಪಕಾರ ಮಾಡಲು ಹೊರಟವರು. ಮುರಿದ ಎರಕದ ತುಂಡಿಗೆ ಮಾಮೂಲಿ ವೆಲ್ಡಿಂಗ್ ಹಚ್ಚಿದರೆ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಅದಕ್ಕೆ ಬೇರೆ ಕಡ್ಡಿ ಬೇಕು, ಮೊದಲು ಕಾಯಿಸಬೇಕು, ನಿಧಾನಕ್ಕೆ ಆರಿಸಬೇಕು. ಅದು ಗೊತ್ತಿಲ್ಲದೆ ಹಚ್ಚಿದ್ದು ರಿಪೇರಿಯಲ್ಲ, ಶವಸಂಸ್ಕಾರ.

ಐದನೆಯದು ಬ್ಯಾನರು, ಪೋಸ್ಟರು. ಸಲಾಕೆ ಬೇಲಿ ಕಂಡರೆ ಕೆಲವರ ಕೈ ಕಡಿಯುತ್ತದೆ, ತಂತಿ ಬಿಗಿದು ನಾಯಕರ ಹುಟ್ಟುಹಬ್ಬ ಆಚರಿಸಬೇಕು. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರ ಕಾಯಿದೆ ಇದೆ. ಕಾಯಿದೆ ಪುಸ್ತಕದಲ್ಲಿರುತ್ತದೆ, ತಂತಿ ಬೇಲಿಯಲ್ಲಿರುತ್ತದೆ.

ಕಡೆಗೆ ಬರುವುದು ಗುಜರಿ. ಒಂದು ಸಲ ಗೇಟನ್ನು ಬಿಚ್ಚಿ ಹಿತ್ತಲಲ್ಲಿ ಒರಗಿಸಿದರೆ ಅದು ಗೇಟಲ್ಲ, ಹಳೇ ಕಬ್ಬಿಣ. ಹಳೇ ಕಬ್ಬಿಣಕ್ಕೆ ಚರಿತ್ರೆ ಇಲ್ಲ, ತೂಕ ಉಂಟು. ಕಿಲೋಗೆ ಇಷ್ಟು ಎಂದು ಲೆಕ್ಕ ಬರೆದರೆ ಯಾರ ಮೇಲೂ ತಪ್ಪು ಬರುವುದಿಲ್ಲ.

ಒಳಗೇ ಇಡುವ ಬೇಲಿ

ಹಳೇ ಬೇಲಿಯೆಲ್ಲ ಒಳ್ಳೆಯದೇ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವು ಬೇಲಿ ಹೊರಗಿನವರನ್ನು ತಡೆಯಲು ಹಾಕಿದ್ದಲ್ಲ, ಒಳಗಿನವರನ್ನು ಬಿಡದಿರಲು ಹಾಕಿದ್ದು.

ಪಶ್ಚಿಮದ ಬಡಾವಣೆಗಳ ಜನಕ್ಕೆ ಮಾಗಡಿ ರಸ್ತೆಯ ಸರ್ಕಾರಿ ಕುಷ್ಠರೋಗ ಆಸ್ಪತ್ರೆ ಗೊತ್ತಿರುವುದೇ. ಕುಷ್ಠರೋಗ ಎಂದರೆ ಒಂದು ಕಾಲದಲ್ಲಿ ಊರಾಚೆ ಎಂದೇ ಅರ್ಥ. ಬ್ರಿಟಿಷ್ ಇಂಡಿಯಾದಲ್ಲಿ 1898ರಲ್ಲಿ ಒಂದು ಕಾಯಿದೆಯನ್ನೇ ಮಾಡಿ, ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಆಶ್ರಮಗಳಲ್ಲಿ ಕೂಡಿಡಲು ಅಧಿಕಾರ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಮಾತ್ರೆ ನುಂಗಿದರೆ ರೋಗ ವಾಸಿ. ಔಷಧ ಶುರುವಾದ ಮೇಲೆ ಅಂಟುವ ಭಯವೂ ಇಲ್ಲ. ಆದರೆ 1898ರ ಆ ಕಾಯಿದೆ ರದ್ದಾದದ್ದು 2016ರಲ್ಲಿ! ರೋಗಕ್ಕೆ ಮದ್ದು ಸಿಕ್ಕಿ 35 ವರ್ಷದ ಮೇಲೂ ಕಾನೂನಿನ ಬೇಲಿ ನಿಂತೇ ಇತ್ತು.

ಕಬ್ಬಿಣದ ಬೇಲಿಗೆ ತುಕ್ಕು ಹಿಡಿಯುತ್ತದೆ, ಮನಸ್ಸಿನ ಬೇಲಿಗೆ ಹಿಡಿಯುವುದಿಲ್ಲ. ಹಳೇ ಗೇಟು ಉಳಿಸುವುದೆಂದರೆ ಬರೀ ಹೊಗಳಲಿಕ್ಕಲ್ಲ. ಯಾರನ್ನು ಒಳಗೆ ಬಿಟ್ಟೆವು, ಯಾರನ್ನು ಹೊರಗೆ ಬಿಡಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯೂ ಹೌದು.

ಮುಚ್ಚಿದ ದಿನಗಳು

ತೆರೆದೇ ಇರುವ ಬಾಗಿಲಿನ ಬೆಲೆ ಮುಚ್ಚಿದಾಗ ತಿಳಿಯುತ್ತದೆ. 2020ರಲ್ಲಿ ಕೊರೋನಾ ಬಂದಾಗ ವಿಕ್ಟೋರಿಯಾವನ್ನು ಕೋವಿಡ್ ರೋಗಿಗಳಿಗೆಂದೇ ಮೀಸಲಿಟ್ಟರು. ಮಾರ್ಕೆಟ್ಟೂ ಮುಚ್ಚಿತು. ಸದಾ ಗಿಜಿಗುಡುವ ಆ ರಸ್ತೆಯಲ್ಲಿ ಆಂಬುಲೆನ್ಸಿನ ಸದ್ದು ಬಿಟ್ಟರೆ ಬೇರೆ ಇಲ್ಲ.

ಕೋವಿಡ್ ವಾರ್ಡಿಗೆ ಹೋದವರ ಹಿಂದೆ ಮನೆಯವರು ಹೋಗುವಂತಿರಲಿಲ್ಲ. ಹೆಂಡತಿ ಒಳಗೆ, ಗಂಡ ಹೊರಗೆ. ತಂದೆ ಒಳಗೆ, ಮಕ್ಕಳು ಹೊರಗೆ. ಊರಿನ ಎಷ್ಟೋ ಆಸ್ಪತ್ರೆಗಳ ಮುಂದೆ ಜನ ಸಲಾಕೆ ಹಿಡಿದು ನಿಂತು, ಒಳಗಿನಿಂದ ಬರುವ ಯಾರನ್ನಾದರೂ "ಅಣ್ಣಾ, ಆ ಬೆಡ್ಡಿನವರು ಹೇಗಿದಾರೆ, ನೋಡಿದ್ರಾ?" ಎಂದು ಕೇಳಿದ ದಿನಗಳವು. ಎರಡನೇ ಅಲೆ ಬಂದ 2021ರಲ್ಲಂತೂ ಆ ಮಾತನ್ನೂ ಕೇಳಲು ಧೈರ್ಯ ಸಾಲದಾಯಿತು.

1898ರಲ್ಲಿ ಪ್ಲೇಗು ಬಂದಾಗಲೂ ಇದೇ ಪಾಡು. ಮನೆಯವರನ್ನು ಬೇರೆ ಮಾಡಿ ಕ್ಯಾಂಪಿಗೆ ಕಳಿಸಿದರು. ಮಧ್ಯೆ 122 ವರ್ಷ ಹೋಯಿತು. ರೋಗದ ಹೆಸರು ಬದಲಾಯಿತು, ಬಾಗಿಲಲ್ಲಿ ನಿಂತವರ ಮುಖ ಬದಲಾಗಲಿಲ್ಲ. ಆ ದಿನಗಳಲ್ಲಿ ಹತ್ತಡಿ ಗೋಡೆಗಿಂತ ಸಲಾಕೆ ಬೇಲಿಯೇ ಮೇಲಾಗಿತ್ತು. ಕೈ ತಾಗದಿದ್ದರೂ ಕಣ್ಣು ತಾಗುತ್ತಿತ್ತು.

ಲಂಡನ್ನಿನ ಸ್ಟ್ರೆಚರ್ ಬೇಲಿ

ಗೇಟಿಗೂ ಬೇಲಿಗೂ ಬೆಲೆ ಕೊಡುವುದು ಹೇಗೆಂದು ನೋಡಬೇಕಾದರೆ ದೂರದ ಲಂಡನ್ನಿನ ಎರಡು ಉದಾಹರಣೆ ಸಾಕು.

ಅಲ್ಲಿನ ಸೇಂಟ್ ಬಾರ್ತಲೋಮಿಯೊ ಆಸ್ಪತ್ರೆ 1123ರಲ್ಲಿ ಹುಟ್ಟಿದ್ದು. ಅದರ ಹೆಬ್ಬಾಗಿಲು 1702ರದು, ಮೇಲೆ ಎಂಟನೇ ಹೆನ್ರಿಯ ಮೂರ್ತಿ ಇದೆ. ಒಳಗಿನ ಆಸ್ಪತ್ರೆ ಎಷ್ಟೋ ಸಲ ಬದಲಾದರೂ ಬಾಗಿಲು ಇಂದಿಗೂ ಬಾಗಿಲೇ.

ಎರಡನೆಯದು ಇನ್ನೂ ಸ್ವಾರಸ್ಯ. ಎರಡನೇ ಮಹಾಯುದ್ಧದಲ್ಲಿ ಕಬ್ಬಿಣ ಬೇಕೆಂದು ಸರ್ಕಾರ ಊರೂರಿನ ಸಲಾಕೆ ಬೇಲಿಗಳನ್ನು ಕತ್ತರಿಸಿಕೊಂಡು ಹೋಯಿತು. ಬಾಂಬು ಬಿದ್ದಾಗ ಗಾಯಾಳುಗಳನ್ನು ಹೊರಲು ಉಕ್ಕಿನ ಸ್ಟ್ರೆಚರುಗಳನ್ನೂ ರಾಶಿ ರಾಶಿ ಮಾಡಿಸಿದ್ದರು. ಯುದ್ಧ ಮುಗಿಯಿತು, ಸ್ಟ್ರೆಚರು ಮಿಕ್ಕಿತು, ಬೇಲಿ ಇಲ್ಲ. ಮಿಕ್ಕ ಸ್ಟ್ರೆಚರುಗಳನ್ನೇ ಅಡ್ಡಡ್ಡ ನಿಲ್ಲಿಸಿ ವಠಾರಗಳಿಗೆ ಬೇಲಿ ಮಾಡಿದರು! ನೆಲಕ್ಕಿಡುವ ಕಾಲಿನ ಬಾಗು ಸಮೇತ ಅವು ಕೆಲವು ಕಡೆ ಈಗಲೂ ಇವೆ. ಅವನ್ನು ಉಳಿಸಬೇಕೆಂದು ಅಲ್ಲಿನ ಜನ ಸಂಘ ಕಟ್ಟಿಕೊಂಡಿದ್ದಾರೆ. ಸ್ಟ್ರೆಚರಿನ ಬೇಲಿಗೇ ಅಷ್ಟು ಅಕ್ಕರೆಯಾದರೆ, ಸ್ಟ್ರೆಚರ್ ಹಾದುಹೋದ ಬಾಗಿಲಿಗೆ ಎಷ್ಟಿರಬೇಕು?

ಆಂಬುಲೆನ್ಸ್ ಮೊದಲು, ಗೇಟು ಆಮೇಲೆ

"ಏನ್ ಸ್ವಾಮಿ, ಒಳಗೆ ಬೆಡ್ಡಿಗೇ ಪರದಾಟ, ನಿಮಗೆ ಗೇಟಿನ ಚಿಂತೆ" ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆಂಬುಲೆನ್ಸ್ ಸಿಕ್ಕಿಕೊಳ್ಳುವ ಬಾಗಿಲು ಎಷ್ಟೇ ಹಳೆಯದಾದರೂ ಅದನ್ನು ತಬ್ಬಿಕೊಂಡು ಕೂರುವುದು ಮೂರ್ಖತನ. ಜೀವ ದೊಡ್ಡದು, ಗೇಟಲ್ಲ.

ಆದರೆ ಇವೆರಡರ ನಡುವೆ ಜಗಳವೇ ಇಲ್ಲ. ವಾಹನಕ್ಕೆ ಅಗಲವಾದ ಹೊಸ ಬಾಗಿಲು ಬೇರೆ ಕಡೆ ತೆಗೆದು, ಹಳೆಯದನ್ನು ನಡೆದು ಬರುವವರಿಗೆ ಬಿಟ್ಟರೆ ಇಬ್ಬರಿಗೂ ಅನುಕೂಲ. ಬಸ್ಸಿಳಿದು, ಮೆಟ್ರೋ ಇಳಿದು ಬರುವವರು ನಡೆದೇ ಬರುವವರು. ಟ್ಯಾಂಕರ್, ವ್ಯಾನುಗಳ ನಡುವೆ ರೋಗಿಯನ್ನು ಕೈಹಿಡಿದು ನಡೆಸುವ ಕಷ್ಟ ಅವರಿಗೆ ತಪ್ಪುತ್ತದೆ.

ಖರ್ಚೂ ಮಹಾ ದೊಡ್ಡದಲ್ಲ. ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಹಚ್ಚುವುದು ಯಾವ ಅಂಗಡಿಯವನಿಗೂ ಗೊತ್ತಿರುವ ಕೆಲಸ, ರೋಲಿಂಗ್ ಶಟರ್‌ಗೆ ಮಾಡಿಸುವುದಿಲ್ಲವೇ? ಗೇಟಿನ ಮುಂದೆ ಡಾಂಬರು ಹಾಕುವ ಮೊದಲು ಹಳೆಯದನ್ನು ಕೆರೆಯಬೇಕು. ಮುರಿದ ಎರಕದ ಮೊನೆಗೆ ಅಚ್ಚು ತೆಗೆದು ಹೊಸದು ಹೊಯ್ಯಿಸಬೇಕು. ಅದಕ್ಕೆ ಲಂಡನ್ನಿಗೆ ಹೋಗಬೇಕಿಲ್ಲ, ಬೆಂಗಳೂರಿನ ಪಶ್ಚಿಮದ ಫೌಂಡ್ರಿಗಳಲ್ಲೇ ಕೈ ಪಳಗಿದವರಿದ್ದಾರೆ. ಹಳೇ ಗೇಟಿನ ಮನೆಯನ್ನು ಖಾಲಿ ಮಾಡಿ, ಒಂದು ಬೆಂಚು, ಒಂದು ಫ್ಯಾನು, ಕುಡಿಯುವ ನೀರು ಇಟ್ಟು, ವಾರ್ಡಿನ ದಾರಿ ಹೇಳುವ ಒಬ್ಬರನ್ನು ಕೂರಿಸಿದರೆ ಅದು ಮತ್ತೆ ಗೇಟಿನ ಮನೆಯೇ ಆಗುತ್ತದೆ. ಎಲ್ಲಕ್ಕಿಂತ ಮೊದಲು ಒಂದು ಕೆಲಸ, ಖರ್ಚಿಲ್ಲದ್ದು. ಊರಿನ ಪ್ರತಿ ಹಳೇ ಆಸ್ಪತ್ರೆಯವರೂ ತಮ್ಮ ಗೇಟು, ಕಂಬ, ಬೇಲಿಯ ಫೋಟೋ ತೆಗೆದು, ಅಳತೆ ಬರೆದು, ಆಸ್ತಿಯ ರಿಜಿಸ್ಟರಿನಲ್ಲಿ "ಹಳೇ ಕಬ್ಬಿಣ" ಎಂದಲ್ಲ, "ಹೆಬ್ಬಾಗಿಲು" ಎಂದು ನಮೂದಿಸಲಿ. ಬರೆದಿಟ್ಟದ್ದನ್ನು ಗುಜರಿಗೆ ಹಾಕಲು ಸಹಿ ಮಾಡುವವನ ಕೈ ಒಂದು ಕ್ಷಣವಾದರೂ ತಡೆಯುತ್ತದೆ.

ಕೆಂಗೇರಿ ಬಾಗಿಲು ಹೋದಾಗ ಬರೆದಿಡುವವರಿರಲಿಲ್ಲ, ಹಲಸೂರು ಬಾಗಿಲು ಹೋದಾಗ ಕೇಳುವವರಿರಲಿಲ್ಲ. ಮುಂದೊಂದು ದಿನ ಕಂಡಕ್ಟರು "ಯಾರ್ರೀ ಆಸ್ಪತ್ರೆ ಗೇಟ್?" ಎಂದು ಕೂಗಿದಾಗ, ಇಳಿದವರು ಎದುರಿಗೆ ಒಂದು ಬಾಗಿಲು ಕಾಣಬೇಕೋ, ಬರೀ ಹೆಸರು ಕೇಳಬೇಕೋ?

ಸಂಬಂಧಪಟ್ಟವರು ಯೋಚಿಸಲಿ. ಸಂಬಂಧ ಪಡದವರು ಈ ಊರಿನಲ್ಲಿ ಯಾರೂ ಇಲ್ಲ, ಒಂದಲ್ಲ ಒಂದು ದಿನ ಎಲ್ಲರೂ ಆ ಬಾಗಿಲಿಗೆ ಬಂದವರೇ.